ಕೇಳಿದ್ದೆ, ಕೇಳಿಸಿಕೊಂಡಿರಲಿಲ್ಲ

“ಈ ಎರಡು ಸಾಲು ಯಾಕಮ್ಮ ಒಂದೇ ಥರ ಇವೆ?”

ಗೈಡ್ ಮೇಡಂ ಪೆನ್ಸಿಲ್ ತುದಿಯನ್ನು 212ನೇ ಸಾಲಿನ ಮೇಲಿಟ್ಟು, ಅಲ್ಲಿಂದ ಮೆಲ್ಲಗೆ 220ನೇ ಸಾಲಿಗೆ ಇಳಿಸಿದರು. ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಗುರುವಾರದ ಸಂಜೆ. ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲಿರುವ ನಮ್ಮ ಲ್ಯಾಬಿನ ಕಿಟಕಿಯಾಚೆ ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ನನ್ನ ಮೂರು ತಿಂಗಳ ದುಡಿಮೆ 640 ಸಾಲುಗಳ ಪಟ್ಟಿಯಾಗಿ ಮೇಜಿನ ಮೇಲಿತ್ತು. 212ಕ್ಕೂ 220ಕ್ಕೂ ನಾನು ಕೊಟ್ಟ ಅಂಕಿಗಳು ಬೇರೆ ಬೇರೆ. ಬಂದ ಉತ್ತರ ಮಾತ್ರ ಆರನೇ ದಶಮಾಂಶದವರೆಗೂ ಒಂದೇ.

“ಕಾಕತಾಳೀಯ ಇರಬಹುದು ಮೇಡಂ” ಎಂದೆ.

ಅವರು ನಗಲಿಲ್ಲ. “ನೆಲದೊಳಗಿನ ನೀರು ಅಷ್ಟು ಶಿಸ್ತಾಗಿ ಹರಿಯಲ್ಲ. ಕೂತು ನೋಡು” ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

ನನ್ನ ಪಿಎಚ್‌ಡಿ ವಿಷಯ ಪೀಣ್ಯದ ಅಂತರ್ಜಲ. ಲೋಹಕ್ಕೆ ಹೊಳಪು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಕೆಲಸದಲ್ಲಿ ಕ್ರೋಮಿಯಂ ಬಳಸುತ್ತಾರೆ. ಅದರ ಒಂದು ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ ಹರಿಯುತ್ತದೆ. ಹೆಚ್ಚಾದರೆ ನೀರಿಗೆ ಹಳದಿ ಬಣ್ಣ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದು. ಪೀಣ್ಯದ ಕೊಳವೆಬಾವಿಗಳಲ್ಲಿ ಅದಕ್ಕಿಂತ ಹೆಚ್ಚು ಸಿಕ್ಕಿದ್ದು ಹೊಸ ಸಂಗತಿಯೇನಲ್ಲ. ನೆಲದಡಿಯ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ವಿಷಯ ಆರಿಸಿಕೊಂಡಿದ್ದರ ಹಿಂದೆ ವಿಜ್ಞಾನವೊಂದೇ ಇರಲಿಲ್ಲ. ನಾನು ಬೆಳೆದಿದ್ದು ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ. ಅಪ್ಪ ತುಮಕೂರು ಕಡೆಯಿಂದ ತೊಂಬತ್ತರ ದಶಕದ ಮೊದಲಿಗೆ ಬಂದು ಪೀಣ್ಯದ ಸಣ್ಣ ಶೀಟ್ ಮೆಟಲ್ ಶೆಡ್ಡೊಂದರಲ್ಲಿ ಪವರ್ ಪ್ರೆಸ್ ಆಪರೇಟರ್ ಆದವನು. ಈಗಲೂ ಅದೇ ಕೆಲಸ, ಅದೇ ರಸ್ತೆ.

ಇನ್ನು ಪ್ರೋಗ್ರಾಮಿನ ವಿಷಯ. ನಾನು ಬರೆಯುವುದು ಫೋರ್ಟ್ರಾನ್‌ನಲ್ಲಿ ಎಂದರೆ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ಗೆಳತಿಯರು ಅಜ್ಜಿಯ ಟ್ರಂಕಿನಿಂದ ತೆಗೆದ ಸೀರೆ ನೋಡಿದ ಹಾಗೆ ನೋಡುತ್ತಾರೆ. ಜಾನ್ ಬ್ಯಾಕಸ್ ಮತ್ತವರ ತಂಡ ಐಬಿಎಂ 704 ಎಂಬ ಯಂತ್ರಕ್ಕಾಗಿ 1957ರಲ್ಲಿ ಹೊರತಂದ ಭಾಷೆ ಅದು. ಆದರೆ ಹವಾಮಾನ, ಹರಿವು, ಅಂತರ್ಜಲ ಎಂದ ಕೂಡಲೇ ಇವತ್ತಿಗೂ ಅದರ ಬಾಗಿಲು ತಟ್ಟಬೇಕು. ಅಂತರ್ಜಲದವರೆಲ್ಲ ಬಳಸುವ ಮಾಡ್‌ಫ್ಲೋ ಎಂಬ ಪ್ರೋಗ್ರಾಮನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1984ರಲ್ಲಿ ಹೊರತಂದಿದ್ದು ಫೋರ್ಟ್ರಾನ್‌ನಲ್ಲೇ. ನಮ್ಮ ಲ್ಯಾಬಿನಲ್ಲಿ ಅದೇ ಜಾತಿಯ, ಹಿಂದಿನ ಸೀನಿಯರ್ ಒಬ್ಬರು ಬರೆದಿಟ್ಟು ಹೋದ ಹಳೆಯ ಪ್ರೋಗ್ರಾಮ್ ಒಂದಿದೆ. ಸಮೀಕರಣ ಬಿಡಿಸುವುದು ಅದರ ಕೆಲಸ. ನಾವು ಅದನ್ನು ಸಾಲ್ವರ್ ಎನ್ನುತ್ತೇವೆ.

ನಾನು ಬರೆದದ್ದು ಆ ಸಾಲ್ವರಿಗೆ ಕೆಲಸ ಹೇಳುವ ಇನ್ನೊಂದು ಪ್ರೋಗ್ರಾಮ್, ಒಂಥರಾ ಮೇಸ್ತ್ರಿ. ಬಂಡೆಯ ಗುಣದ ಬಗ್ಗೆ ಒಂದು ಊಹೆಯನ್ನು ಫೈಲಿನಲ್ಲಿ ಬರೆದು, ಸಾಲ್ವರನ್ನು ಓಡಿಸಿ, ಅದು ಬರೆದಿಟ್ಟ ಉತ್ತರದ ಫೈಲನ್ನು ಓದಿ, ಬಾವಿಗಳಲ್ಲಿ ನಿಜವಾಗಿ ಅಳೆದ ಅಂಕಿಗಳ ಜೊತೆ ಹೋಲಿಸಿ, ಮತ್ತೆ ಹೊಸ ಊಹೆ ಮಾಡುವುದು. ರಾತ್ರಿಯಿಡೀ ಇದೇ. ಎಂಟು ಫೋಲ್ಡರುಗಳಲ್ಲಿ ಎಂಟು ಸಾಲ್ವರುಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಸುತ್ತು ಮುಗಿದರೆ ಅದೇ ಫೋಲ್ಡರಿನಲ್ಲಿ ಮುಂದಿನದು.

212ಕ್ಕೆ ಎಂಟು ಸೇರಿಸಿದರೆ 220. ಆ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ ಹೊಳೆದದ್ದು ಅದು. ಎರಡೂ ಒಂದೇ ಫೋಲ್ಡರಿನಲ್ಲಿ ನಡೆದವು. ಕೈ ತೊಳೆದವಳೇ ಲ್ಯಾಬಿಗೆ ಓಡಿದೆ.

ಕಂಪ್ಯೂಟರಿನ ಗಂಧವಿಲ್ಲದವರಿಗಾಗಿ ಸ್ವಲ್ಪ ವಿವರ. ಕಪ್ಪು ಪರದೆಯ ಮೇಲೆ ನಾವು ಟೈಪ್ ಮಾಡುವ ಆಜ್ಞೆಗಳನ್ನು ತೆಗೆದುಕೊಂಡು ಬೇರೆ ಪ್ರೋಗ್ರಾಮುಗಳನ್ನು ಓಡಿಸುವ ಮಧ್ಯವರ್ತಿಗೆ ಶೆಲ್ ಎನ್ನುತ್ತಾರೆ. ಮನುಷ್ಯರು ಕೂತು ಟೈಪ್ ಮಾಡಿದರೆ ಉತ್ತರ ಪರದೆಯ ಮೇಲೆ ಬರುತ್ತದೆ, ಕಣ್ಣಿಂದ ಓದುತ್ತೇವೆ. ಅದೇ ಆಜ್ಞೆಯನ್ನು ಕಂಪೈಲ್ ಆದ ಒಂದು ಪ್ರೋಗ್ರಾಮ್ ಒಳಗಿಂದ ಕೊಟ್ಟರೆ? ಉತ್ತರ ಆಗಲೂ ಪರದೆಗೇ ಹೋಗುತ್ತದೆ. ಕೇಳಿದ ಪ್ರೋಗ್ರಾಮಿಗೆ ಪರದೆ ಕಾಣುವುದಿಲ್ಲ.

ಫೋರ್ಟ್ರಾನ್‌ನಲ್ಲಿ ಹೀಗೆ ಆಜ್ಞೆ ಕೊಡಲು 2008ರ ಮಾನಕದಿಂದ ಒಂದು ಅಧಿಕೃತ ದಾರಿ ಇದೆ: ಎಕ್ಸಿಕ್ಯೂಟ್ ಕಮ್ಯಾಂಡ್ ಲೈನ್. ಅದಕ್ಕೆ ಆಜ್ಞೆಯ ಜೊತೆ ಇನ್ನೂ ನಾಲ್ಕು ಸಂಗತಿ ಕೊಡಬಹುದು. ಮುಗಿಯುವವರೆಗೆ ಕಾಯಬೇಕೇ, ಆಜ್ಞೆಯನ್ನು ಹೊರಡಿಸಲು ಸಾಧ್ಯವಾಯಿತೇ, ಆಗದಿದ್ದರೆ ಅದರ ಬಗ್ಗೆ ಒಂದು ಸಂದೇಶ, ಕೊನೆಗೆ ಎಕ್ಸಿಟ್ ಸ್ಟೇಟಸ್. ಆ ಸಂದೇಶದ ಹೆಸರು ನೋಡಿ, ಓಡಿದ ಪ್ರೋಗ್ರಾಮ್ ಹೇಳಿದ್ದೆಲ್ಲ ಅಲ್ಲಿ ಬಂದು ಬೀಳುತ್ತದೆ ಅಂತ ನಾನು ಮೊದಲ ವರ್ಷ ಅಂದುಕೊಂಡಿದ್ದೆ. ಬೀಳುವುದಿಲ್ಲ. ಕೈಗೆ ಸಿಗುವುದು ಎಕ್ಸಿಟ್ ಸ್ಟೇಟಸ್ ಎಂಬ ಒಂದೇ ಒಂದು ಅಂಕಿ. ಸೊನ್ನೆ ಬಂದರೆ ಎಲ್ಲ ಸರಿ. ಬೇರೇನಾದರೂ ಬಂದರೆ ಎಡವಟ್ಟು.

ನನ್ನ ಮೇಸ್ತ್ರಿ 640 ಸಲವೂ ಆ ಅಂಕಿಯನ್ನು ನೋಡಿತ್ತು. 640 ಸಲವೂ ಸೊನ್ನೆ.

ಸಾಲ್ವರಿನ ಕೋಡನ್ನು ಸಾಲು ಸಾಲಾಗಿ ಓದುತ್ತಾ ಹೋದೆ. ಕೆಲವು ಊಹೆಗಳಿಗೆ ಸಮೀಕರಣ ಬಗೆಹರಿಯುವುದಿಲ್ಲ. ಲೆಕ್ಕ ಒಂದು ಬಿಂದುವಿಗೆ ಬಂದು ನಿಲ್ಲದೆ ಅತ್ತಿತ್ತ ತೂಗಾಡುತ್ತದೆ. ಹಾಗಾದಾಗ ಸಾಲ್ವರ್ “ಉತ್ತರ ಸಿಗಲಿಲ್ಲ” ಎಂಬ ಸಂದೇಶ ಕೊಟ್ಟು ನಿಂತುಬಿಡುವಂತೆ ಸೀನಿಯರ್ ಬರೆದಿದ್ದರು. ಬಳಸಿದ್ದು ಸ್ಟಾಪ್ ಎಂಬ ಹಳೆಯ ಪದ. ನಮ್ಮ ಕಂಪೈಲರಾದ ಜಿ-ಫೋರ್ಟ್ರಾನ್‌ನಲ್ಲಿ ಸ್ಟಾಪ್ ಜೊತೆ ಎಂಥ ದುಃಖದ ಸಂದೇಶ ಬರೆದರೂ ಎಕ್ಸಿಟ್ ಸ್ಟೇಟಸ್ ಸೊನ್ನೆಯೇ. ಸೋತು ನಿಂತಿದ್ದೇನೆ ಎಂದು ಹೊರಗೆ ತಿಳಿಸಬೇಕಾದರೆ ಎರರ್ ಸ್ಟಾಪ್ ಎಂದು ಬರೆಯಬೇಕು. ಅದು ಬಂದಿದ್ದು 2008ರ ಮಾನಕದಲ್ಲಿ. ಸಾಲ್ವರ್ ಅದಕ್ಕಿಂತ ಹಿರಿಯದು.

ಅಂದರೆ ನಡೆದದ್ದು ಇಷ್ಟು. ಸಾಲ್ವರ್ ಸೋತು, ಸೋತೆ ಎಂದು ಹೇಳಿ, ಉತ್ತರದ ಫೈಲನ್ನು ಮುಟ್ಟದೆ ನಿಂತಿತು. ನನ್ನ ಮೇಸ್ತ್ರಿ ಸೊನ್ನೆ ನೋಡಿ ಖುಷಿಯಾಗಿ ಉತ್ತರದ ಫೈಲು ತೆರೆಯಿತು. ಅಲ್ಲಿದ್ದದ್ದು ಹಿಂದಿನ ಸುತ್ತಿನ ಉತ್ತರ. ಅದನ್ನೇ ಹೊಸದೆಂದು ಬರೆದುಕೊಂಡಿತು.

ಸಾಲ್ವರ್ ಹೇಳಿದ್ದು ಎಲ್ಲಿ ಹೋಯಿತು? ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಯೂನಿಕ್ಸ್ ಜಾತಿಯ ಯಂತ್ರಗಳಲ್ಲಿ ಡೆವ್ ನಲ್ ಎಂಬ ಗುಂಡಿ ಇದೆ. ಅದಕ್ಕೆ ಏನು ಸುರಿದರೂ ಮಾಯ. ರಾಶಿ ಸಂದೇಶಗಳು ಪರದೆ ತುಂಬ ಹರಿದು ಕಿರಿಕಿರಿಯಾಗುತ್ತಿತ್ತು ಅಂತ ಜೂನ್‌ನಲ್ಲಿ ನಾನೇ ಆಜ್ಞೆಯ ಕೊನೆಗೆ ನಾಲ್ಕು ಅಕ್ಷರ ಸೇರಿಸಿ, ಸಾಲ್ವರ್ ಆಡುವ ಮಾತೆಲ್ಲ ಆ ಗುಂಡಿಗೆ ಬೀಳುವಂತೆ ಮಾಡಿದ್ದೆ. ಅದು ಮೂರು ತಿಂಗಳು ಹೇಳುತ್ತಲೇ ಇತ್ತು.

ಶನಿವಾರ ಮನೆಗೆ ಹೊರಟೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ದಾಸರಹಳ್ಳಿಗೆ ಹೋಗುವುದು ಸುಲಭವಾಗಿದೆ. ಆರ್.ವಿ. ರೋಡಿನಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಆಯಿತು. ಮುಂಚೆ ಸಿಲ್ಕ್ ಬೋರ್ಡಿನಲ್ಲಿ ಅರ್ಧ ಆಯಸ್ಸು ಕಳೆಯುತ್ತಿತ್ತು. ಸುಲಭವಾದ ಮೇಲೂ ನಾನು ಮನೆಗೆ ಹೋಗಿದ್ದು ಅದೇ ಮೊದಲು. ದಿನಾ ರಾತ್ರಿ ಫೋನ್ ಮಾಡುತ್ತಿದ್ದೆನಲ್ಲ, ಸಾಕು ಅನ್ನಿಸಿತ್ತು.

“ಏನಪ್ಪ, ಅಮ್ಮನ ಶುಗರ್ ರಿಪೋರ್ಟ್ ಎಲ್ಲಿ?” ಎಂದೆ, ಚಪ್ಪಲಿ ಬಿಡುತ್ತಾ.

“ಆಯ್ತು ಕಣವ್ವ, ಆಯ್ತು” ಎಂದ ಅಪ್ಪ, ಟೀವಿಯಿಂದ ಕಣ್ಣು ತೆಗೆಯದೆ.

“ರಿಪೋರ್ಟ್ ಎಲ್ಲಿ ಅಂದೆ.”

“ಹ್ಞೂಂ, ಆಯ್ತು.”

ಅಡುಗೆಮನೆಯಿಂದ ಅಮ್ಮ ಹೊರಬಂದಳು. “ನೀನು ಏನು ಕೇಳಿದ್ರೂ ನಿಮ್ಮಪ್ಪ ಆಯ್ತು ಅಂತಲೇ ಅನ್ನೋದು. ಕಿವಿ ಕೇಳ್ಸಲ್ಲ ಅವ್ರಿಗೆ. ನಿಂಗೆ ಹೇಳಬೇಡ ಅಂದಿದ್ರು, ಓದೋ ಹುಡುಗಿಗೆ ಯಾಕೆ ತಲೆಬಿಸಿ ಅಂತ. ನನ್ನ ರಿಪೋರ್ಟೂ ಇಲ್ಲ ಏನೂ ಇಲ್ಲ, ಟೆಸ್ಟಿಗೇ ಹೋಗಿಲ್ಲ.”

ಅಲ್ಲೇ ಕೂತುಬಿಟ್ಟೆ. ಎಷ್ಟು ತಿಂಗಳಿಂದ ನಾನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಊಟ ಆಯ್ತಾ, ಅಮ್ಮ ಮಾತ್ರೆ ತಗೊಂಡ್ಳಾ, ಟೆಸ್ಟ್ ಆಯ್ತಾ ಎಂದು ಪಟ್ಟಿ ಓದಿ, ಆಯ್ತು ಆಯ್ತು ಆಯ್ತು ಎಂದು ಮೂರು ಉತ್ತರ ಪಡೆದು, ಸಮಾಧಾನವಾಗಿ ಫೋನಿಟ್ಟಿದ್ದೆ? ನನ್ನ ಪ್ರಶ್ನೆಗಳು ಎಲ್ಲವೂ ‘ಆಯ್ತಾ’ ಎಂದೇ ಮುಗಿಯುತ್ತಿದ್ದವು. ಕೊನೆಯ ಸ್ವರ ಹಿಡಿದು ಉತ್ತರ ಕೊಡುವುದು ಅಪ್ಪನಿಗೆ ಕಷ್ಟವೇ ಇರಲಿಲ್ಲ.

ಅಪ್ಪನ ಶೆಡ್ಡನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬುತ್ತಿ ಒಯ್ಯುತ್ತಿದ್ದೆ. ಆರು ಪ್ರೆಸ್ಸುಗಳು ಒಟ್ಟಿಗೆ ತಗಡಿನ ಮೇಲೆ ಬೀಳುವ ಸದ್ದು ಎದೆಯೊಳಗೆ ಬಡಿಯುತ್ತಿತ್ತು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎರಡು ಬೆರಳು ಎತ್ತಿದರೆ ಟೀ, ಅಂಗೈ ಅಡ್ಡ ಹಿಡಿದರೆ ಯಂತ್ರ ನಿಲ್ಲಿಸು. ನನಗದು ಆಟದ ಹಾಗೆ ಕಂಡಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡವರು ಒಬ್ಬರೋ ಇಬ್ಬರೋ.

ಭಾನುವಾರ ಪೂರ್ತಿ ಅಪ್ಪನ ಎದುರಿಗೆ ಕೂತು ಮಾತಾಡಿದೆ. “ಸಾರು ಇದೆಯಾ?” ಎಂದರೆ “ಕಾರು ಯಾರದು?” ಎನ್ನುತ್ತಾನೆ. ನಕ್ಕು ನಕ್ಕು ಸುಸ್ತಾದ ಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅದು ನಗುವಿನದೇ ಇರಬೇಕು ಎಂದುಕೊಂಡೆ. ಸ್ವರಗಳು ಅವನಿಗೆ ಕೇಳುತ್ತವೆ. ಸ, ಶ, ತ, ಕ ಇಂಥ ತೆಳು ಸದ್ದುಗಳು ಉದುರಿಹೋಗುತ್ತವೆ. ಆಮೇಲೆ ತಿಳಿಯಿತು, ಯಂತ್ರದ ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ಸದ್ದುಗಳನ್ನೇ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನನ್ನದೋ ತೆಳು ದನಿ.

“ಇಷ್ಟು ದಿನ ಯಾಕಪ್ಪ ಹೇಳಲಿಲ್ಲ?” ಎಂದು ಜೋರಾಗಿ, ಬಿಡಿಬಿಡಿಯಾಗಿ ಕೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರು ಕೇಳಿದ್ರು?” ಎಂದ.

ಕನ್ನಡದಲ್ಲಿ ಕೇಳು ಎಂದರೆ ಪ್ರಶ್ನಿಸು ಎಂದೂ ಹೌದು, ಕಿವಿಗೊಡು ಎಂದೂ ಹೌದು. ಅಪ್ಪ ಯಾವುದನ್ನು ಹೇಳಿದ ಎಂದು ಬಿಡಿಸಿ ನೋಡುವ ಧೈರ್ಯ ಆಗಲಿಲ್ಲ. ಎರಡೂ ಸರಿಯೇ ಇತ್ತು.

ಸೋಮವಾರ ಲ್ಯಾಬಿಗೆ ಮರಳಿ ರಿಪೇರಿಗೆ ಕೂತೆ. ಎರಡೇ ದಿನದ ಕೆಲಸ ಎಂದುಕೊಂಡಿದ್ದು ಮೂರು ವಾರ ಹಿಡಿಯಿತು. ಬೇರೆ ಪ್ರೋಗ್ರಾಮ್ ಹೇಳಿದ್ದನ್ನು ಹಿಡಿದಿಡಲು ಫೋರ್ಟ್ರಾನ್‌ನಲ್ಲಿ ಸಿದ್ಧ ಸೌಲಭ್ಯವೇ ಇಲ್ಲ. ನಾವೇ ಪಾತ್ರೆ ಇಡಬೇಕು.

ಸರಳ ಪಾತ್ರೆ ಎಂದರೆ ಒಂದು ಫೈಲು. ಆಜ್ಞೆಯ ಕೊನೆಗೆ > ಗುರುತು ಹಾಕಿ ಫೈಲಿನ ಹೆಸರು ಕೊಟ್ಟರೆ ಪರದೆಗೆ ಹೋಗುವುದು ಅದರೊಳಗೆ ಹೋಗುತ್ತದೆ. ಆಮೇಲೆ ಫೋರ್ಟ್ರಾನ್ ಆ ಫೈಲನ್ನು ತೆರೆದು ಓದಬಹುದು. ಹಾಗೇ ಮಾಡಿ, ಸೋಲುತ್ತದೆಂದು ಗೊತ್ತಿದ್ದ ಊಹೆಯನ್ನೇ ಕೊಟ್ಟು ಓಡಿಸಿದೆ. ಫೈಲಿನಲ್ಲಿ ಸಾಲ್ವರಿನ ಎಲ್ಲ ಹರಟೆ ಇತ್ತು. ಸೋತೆ ಎಂಬ ಮಾತೊಂದೇ ಇರಲಿಲ್ಲ!

ಪ್ರತಿ ಪ್ರೋಗ್ರಾಮಿಗೂ ಮಾತು ಹೊರಬರುವ ಬಾಗಿಲು ಎರಡು. ಒಂದನೇ ನಂಬರಿನದು ಮಾಮೂಲಿ ಮಾತಿಗೆ. ಎರಡನೆಯದು ದೂರು ದುಮ್ಮಾನಕ್ಕೆ. ಪರದೆಯ ಮೇಲೆ ಎರಡೂ ಬೆರೆತು ಕಾಣುವುದರಿಂದ ನಮಗೆ ಭೇದ ಗೊತ್ತಾಗುವುದಿಲ್ಲ. > ಗುರುತು ಹಿಡಿಯುವುದು ಒಂದನೆಯದನ್ನು ಮಾತ್ರ. ಸ್ಟಾಪ್ ತನ್ನ ಸಂದೇಶ ಕಳಿಸುವುದು ಎರಡನೆಯದರಿಂದ. ಅದನ್ನೂ ಬೇಕೆಂದರೆ ಫೈಲಿನ ಹೆಸರಾದ ಮೇಲೆ 2>&1 ಎಂದು ಬರೆಯಬೇಕು. ಎರಡನೆಯದೂ ಒಂದನೆಯದು ಹೋಗುವ ಕಡೆಗೇ ಹೋಗಲಿ ಎಂದು ಅರ್ಥ. ಇದನ್ನು ಫೈಲಿನ ಹೆಸರಿಗಿಂತ ಮೊದಲೇ ಬರೆದರೆ ಕೆಲಸಕ್ಕೆ ಬಾರದು. ಆ ಕ್ಷಣದಲ್ಲಿ ಒಂದನೆಯದು ಇನ್ನೂ ಪರದೆಯ ಕಡೆಗೇ ತಿರುಗಿರುತ್ತದೆ, ದೂರುಗಳೂ ಅಲ್ಲಿಗೇ ಹೋಗುತ್ತವೆ. ಇದು ಗೊತ್ತಾಗಲು ನನಗೆ ಅರ್ಧ ದಿನ ಬೇಕಾಯಿತು.

ಅದಾದ ಮೇಲೆ ಎಂಟೂ ಒಟ್ಟಿಗೆ ಓಡಿಸಿದೆ. ಲಾಗ್ ಫೈಲಿಗೆ ಒಂದೇ ಹೆಸರು, ಒಂದೇ ಜಾಗ ಕೊಟ್ಟಿದ್ದೆ. ಎಂಟು ಜನ ಒಂದೇ ಸ್ಲೇಟಿನ ಮೇಲೆ ಬರೆದ ಹಾಗಾಯಿತು. ಪ್ರತಿ ಓಟಕ್ಕೂ ಅದರದೇ ನಂಬರನ್ನು ಹೆಸರಿಗೆ ಸೇರಿಸಿದೆ. ಓಡಿಸುವ ಮೊದಲು ಹಳೆಯ ಉತ್ತರದ ಫೈಲನ್ನು ಅಳಿಸುವ ಸಾಲನ್ನೂ ಬರೆದೆ. ಅಳಿಸಿದ ಮೇಲೆ ಫೈಲು ಮತ್ತೆ ಕಂಡರೆ ಮಾತ್ರ ಅದು ಹೊಸದು. ಇಷ್ಟು ಸಣ್ಣ ಸಾಲು ಜೂನ್‌ನಲ್ಲೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

“ಟೀ ಹಾಕು, ಫೈಲಲ್ಲೂ ಬರುತ್ತೆ, ಪರದೆಯಲ್ಲೂ ಕಾಣುತ್ತೆ” ಎಂದ ಪಕ್ಕದ ಮೇಜಿನ ಹುಡುಗ. ಕುಡಿಯುವ ಟೀ ಅಲ್ಲ, ಹರಿವನ್ನು ಎರಡಾಗಿ ಕವಲೊಡೆಸುವ ಆಜ್ಞೆ. ಸಾಲ್ವರಿನ ಬಾಯಿಗೆ ಪೈಪ್ ಜೋಡಿಸಿ ಇನ್ನೊಂದು ತುದಿಗೆ ಅದನ್ನಿಟ್ಟೆ. ಅಷ್ಟರಲ್ಲಿ ಸಾಲ್ವರಿನಲ್ಲಿ ಎರರ್ ಸ್ಟಾಪ್ ಹಾಕಿದ್ದೆ. ಆದರೂ ಎಕ್ಸಿಟ್ ಸ್ಟೇಟಸ್ ಮತ್ತೆ ಸೊನ್ನೆ! ಪೈಪಿನಲ್ಲಿ ಸಾಲಾಗಿ ನಿಂತವರಲ್ಲಿ ಮಾಮೂಲಾಗಿ ಕೊನೆಯವನ ಯೋಗಕ್ಷೇಮವನ್ನಷ್ಟೇ ಶೆಲ್ ವರದಿ ಮಾಡುತ್ತದೆ. ಟೀ ಚೆನ್ನಾಗಿತ್ತು. ಸತ್ತದ್ದು ಸಾಲ್ವರ್.

ಈ ಪೈಪಿನ ಕಲ್ಪನೆ ಡಗ್ ಮೆಕಿಲ್ರಾಯ್ ಎಂಬವರದು. ತೋಟದ ನೀರಿನ ಕೊಳವೆಗಳನ್ನು ಜೋಡಿಸಿದ ಹಾಗೆ ಪ್ರೋಗ್ರಾಮುಗಳನ್ನು ಜೋಡಿಸುವಂತಿರಬೇಕು ಎಂದು ಅವರು ಬೆಲ್ ಲ್ಯಾಬ್ಸ್‌ನಲ್ಲಿ 1964ರಲ್ಲೇ ಬರೆದಿಟ್ಟಿದ್ದರು. ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್‌ನಲ್ಲಿ ನಿಜ ಮಾಡಿದ್ದು 1973ರಲ್ಲಿ. ಸಿ ಭಾಷೆಯಲ್ಲಿ ಪಿ-ಓಪನ್ ಎಂಬ ಕರೆ ಇದೆ. ಅದು ಆಜ್ಞೆಯನ್ನು ಓಡಿಸಿ, ಅದರ ಬಾಯಿಗೆ ಜೋಡಿಸಿದ ಪೈಪಿನ ಈ ತುದಿಯನ್ನು ನೇರವಾಗಿ ನಮ್ಮ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಫೋರ್ಟ್ರಾನ್ 2003ರಿಂದ ಸಿ ಭಾಷೆಯ ಕರೆಗಳನ್ನು ಫೋರ್ಟ್ರಾನಿಗೆ ತಂದುಕೊಳ್ಳುವ ಮಾನ್ಯ ಸೇತುವೆಯೂ ಇದೆ. ಫೈಲಿನ ಗೊಡವೆಯೇ ಬೇಡ, ಬಂದ ಸಾಲನ್ನು ಬಂದ ಹಾಗೆ ಓದಬಹುದು. ಹಳೆಯ ಭಾಷೆಗೆ ಈ ಹೊಸ ಕಿವಿ ತೊಡಿಸಿ, ಓಡಿಸಿ, ಮಲಗಲು ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಎಂಟೂ ನಿಂತಿದ್ದವು. ಸತ್ತಿರಲಿಲ್ಲ, ಸುಮ್ಮನೆ ನಿಂತಿದ್ದವು.

ಕಾರಣ ಸಿಕ್ಕಿದ್ದು ಮಧ್ಯಾಹ್ನಕ್ಕೆ. ಪೈಪ್ ಎಂದರೆ ತಳವಿಲ್ಲದ ಬಾವಿಯಲ್ಲ. ಲಿನಕ್ಸ್‌ನಲ್ಲಿ ಅದರ ಮಾಮೂಲಿ ಹಿಡಿತ 65,536 ಬೈಟ್. ಅಷ್ಟು ತುಂಬಿದ ಮೇಲೆ ಈ ತುದಿಯಲ್ಲಿ ಯಾರಾದರೂ ಓದಿದರೆ ಮಾತ್ರ ಆ ತುದಿಯವನು ಮುಂದೆ ಬರೆಯಬಲ್ಲ. ನಾನು ಪೈಪ್ ತೆರೆದು, ಉತ್ತರದ ಫೈಲು ಕಾಣುವವರೆಗೆ ಕಾಯಿ, ಆಮೇಲೆ ಪೈಪ್ ಓದು ಎಂದು ಬರೆದಿದ್ದೆ. ಓದುವವರೆಗೆ ಸಾಲ್ವರ್ ಮುಂದೆ ಹೋಗುವಂತಿಲ್ಲ, ಸಾಲ್ವರ್ ಮುಗಿಸುವವರೆಗೆ ನಾನು ಓದುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ರಾತ್ರಿ ಕಳೆದಿದ್ದೆವು.

ಆ ಮಧ್ಯಾಹ್ನ ಅಪ್ಪನ ನೆನಪಾಗಿದ್ದು ಸಹಜವೇ. ಅವನು ಮೊದಲು ವಾಚಾಳಿ. ಡೈ ಮುರಿದದ್ದು, ಓನರ್ ಬೈದದ್ದು, ಬಸ್ಸಿನಲ್ಲಿ ಯಾರೋ ಸಿಕ್ಕಿದ್ದು, ಎಲ್ಲ ಹೇಳುತ್ತಿದ್ದ. ಯಾವಾಗ ನಿಂತಿತೆಂದು ನನಗೆ ಗೊತ್ತೇ ಆಗಿರಲಿಲ್ಲ.

ನಮ್ಮ ಪೀಣ್ಯದಲ್ಲೇ ಇಸ್ರೋದ ಇಸ್ಟ್ರ್ಯಾಕ್ ಇದೆ. ಬಾಹ್ಯಾಕಾಶ ನೌಕೆಗಳಿಗೆ ಆಜ್ಞೆ ಕಳಿಸಿ, ಅವು ಹೇಳುವುದನ್ನು ಕೇಳಿಸಿಕೊಳ್ಳುವ ಜಾಗ. ದೂರದ ಪಿಸುಮಾತು ಹಿಡಿಯಲು ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇಟ್ಟಿದ್ದಾರೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೂ ಮಾತಾಡಿ ಮೌನವಾದಾಗ ನಾನೂ ಅಪ್ಪನೂ ಟೀವಿ ಮುಂದೆ ಎಚ್ಚರವಿದ್ದೆವು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಅಪ್ಪ “ಇದು ನಮ್ಮ ಏರಿಯಾ ಕಣವ್ವ” ಎಂದು ಫೋನಿನಲ್ಲಿ ಕೂಗಿದ್ದ. ಆಗ ಅವನ ಕಿವಿ ಹೇಗಿತ್ತೋ ಏನೋ. ಸುಮಾರು 3.84 ಲಕ್ಷ ಕಿಲೋಮೀಟರ್ ಆಚೆಯ ಯಂತ್ರ ಏನು ಹೇಳಿತು ಎಂದು ಆ ರಾತ್ರಿಗಳಲ್ಲಿ ಊರೇ ಕಿವಿ ತೆರೆದು ಕೂತಿತ್ತು. ಅಲ್ಲಿಂದ ಕೆಲವೇ ರಸ್ತೆ ದಾಟಿದರೆ ಅಪ್ಪನ ಶೆಡ್ಡು.

ಅಕ್ಟೋಬರ್‌ನಲ್ಲಿ ಅಪ್ಪನನ್ನು ಮೈಸೂರಿಗೆ ಕರೆದೊಯ್ದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸದ್ದಿಲ್ಲದ ಕೋಣೆಯಲ್ಲಿ ಅಪ್ಪ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಬೆರಳೆತ್ತುತ್ತಿದ್ದ. ಗಾಜಿನಾಚೆ ನಿಂತ ನನಗೆ ಅದೇ ಶೆಡ್ಡಿನ ಸನ್ನೆ ಕಂಡಿತು. ಬಹಳ ಹೊತ್ತು ಬೆರಳು ಏಳಲೇ ಇಲ್ಲ. ಕಾಗದದ ಮೇಲಿನ ಗೆರೆ 4000 ಹರ್ಟ್ಸ್ ಬಳಿ ಕೆಳಗೆ ಕುಸಿದಿತ್ತು.

ಅಪ್ಪ ದುಡಿದ ಅಷ್ಟೂ ವರ್ಷ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿ ಇತ್ತು. ಸದ್ದಿನಿಂದ ಬರುವ ಕಿವುಡು ಆ ಪಟ್ಟಿಯಲ್ಲಿತ್ತು. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಎಂಬ ಮಿತಿಯೂ ಇತ್ತು. ಅಪ್ಪನಿಗೆ ಇದನ್ನು ಓದಿ ಹೇಳಿದೆ. “ಶೆಡ್ಡಲ್ಲಿ ದಿನಾ ಸಾಯಂಕಾಲ ಸೂಪರ್‌ವೈಸರ್ ಬಂದು ಎಲ್ಲಾ ಸರೀನಾ ಅಂತಾನೆ. ಸರಿ ಅಂತೀವಿ. ಅವನು ಬರ್ಕೊಂಡು ಹೋಗ್ತಾನೆ” ಎಂದ.

ನಾನು ಮಾತಾಡಲಿಲ್ಲ. ನಾನೂ ಹಾಗೇ 640 ಸಲ ಬರೆದುಕೊಂಡವಳು.

ಸರಿಪಡಿಸಿದ ಪ್ರೋಗ್ರಾಮ್ ಎಲ್ಲವನ್ನೂ ಮತ್ತೆ ಓಡಿಸಿತು. 640ರಲ್ಲಿ 91 ಓಟಗಳು ಸೋತಿದ್ದವು. ಅವು ಎಲ್ಲೆಲ್ಲೋ ಚದುರಿದ್ದರೆ ಅಷ್ಟು ನಷ್ಟವಿರಲಿಲ್ಲ. ಬಂಡೆಯಲ್ಲಿ ಬಿರುಕು ಹೆಚ್ಚು, ನೀರು ಬೇಗ ಹರಿಯುತ್ತದೆ ಎಂಬ ಊಹೆಗಳಲ್ಲೇ ಸಾಲ್ವರ್ ಹೆಚ್ಚಾಗಿ ಸೋತಿತ್ತು. ಆ ಜಾಗಗಳಲ್ಲಿ ನಿಧಾನ ಹರಿವಿನ ಹಳೆಯ ಉತ್ತರಗಳು ಬಂದು ಕೂತಿದ್ದವು. ಹಾಗಾಗಿ, ಒಂದು ಬದಿಯ ಬಾವಿಗಳಿಗೆ ಕ್ರೋಮಿಯಂ ತಲುಪಲು ಬಹಳ ವರ್ಷ ಬೇಕು, ಸದ್ಯಕ್ಕೆ ಚಿಂತೆಯಿಲ್ಲ ಎಂದು ನನ್ನ ಪಟ್ಟಿ ಹೇಳುತ್ತಿತ್ತು. ನಾನು ಅದನ್ನೇ ಒಂದು ಸಮ್ಮೇಳನಕ್ಕೆ ಸಾರಾಂಶವಾಗಿ ಬರೆದು ಕಳಿಸಿಯೂ ಆಗಿತ್ತು. ಅದು ಸ್ವೀಕಾರವೂ ಆಗಿತ್ತು.

ಆ ಬಾವಿಗಳ ನೀರನ್ನು ಬಳಸುವ ಮನೆಗಳು ನನಗೆ ಗೊತ್ತು. ಅಲ್ಲಿ ಕ್ಯಾನ್ ನೀರು ಕುಡಿಯುವವರೂ ಪಾತ್ರೆ ತೊಳೆಯುವುದು, ಸ್ನಾನ ಮಾಡಿಸುವುದು ಬೋರಿನ ನೀರಿನಲ್ಲೇ. ಹೊಸ ಲೆಕ್ಕದ ಪ್ರಕಾರ ಆ ಬದಿಯ ಬಗ್ಗೆ ನನ್ನ ಮಾದರಿ ಏನನ್ನೂ ಖಚಿತವಾಗಿ ಹೇಳಲಾರದು. ಸುರಕ್ಷಿತ ಎಂದೂ ಇಲ್ಲ, ಅಪಾಯ ಎಂದೂ ಇಲ್ಲ. ಇನ್ನಷ್ಟು ಬಾವಿಗಳ ನೀರು ಅಳೆಯಬೇಕು.

ಸಾರಾಂಶ ಹಿಂದಕ್ಕೆ ಪಡೆಯುತ್ತೇನೆ ಎಂದು ಮೇಡಂ ಮುಂದೆ ನಿಂತೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಪತ್ರವನ್ನು ಎರಡು ಸಲ ಓದಿ, “ತಾಂತ್ರಿಕ ಕಾರಣ ಅಂತ ಬರೆದಿದೀಯಲ್ಲ, ಅದನ್ನು ತೆಗಿ. ಸಾಲ್ವರ್ ಸೋತದ್ದನ್ನು ನೋಡಿಕೊಳ್ಳಲಿಲ್ಲ ಅಂತ ಬರಿ. ಕೆಳಗೆ ನನ್ನ ಹೆಸರೂ ಹಾಕು. ನಾನೂ ಜೂನ್‌ನಿಂದ ಪಟ್ಟಿ ನೋಡ್ತಾನೇ ಇದ್ದೆ” ಎಂದರು. ಥೀಸಿಸ್ ಆರು ತಿಂಗಳು ಹಿಂದೆ ಬಿತ್ತು. ಫೆಲೋಶಿಪ್ ಮುಗಿಯುವುದು ಮಾತ್ರ ಹಿಂದೆ ಬೀಳಲಿಲ್ಲ. ಈಗ ಸಂಜೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ.

ಕೊನೆಗೆ ನಾನು ಉಳಿಸಿಕೊಂಡಿದ್ದು ಫೈಲಿನ ದಾರಿಯನ್ನೇ. ಪೈಪ್ ಚುರುಕು, ಆದರೆ ಓದಿ ಮುಗಿದರೆ ಮುಗಿಯಿತು. ಫೈಲು ಉಳಿಯುತ್ತದೆ, ಆರು ತಿಂಗಳ ಮೇಲೂ ತೆಗೆದು ಓದಬಹುದು. ಪ್ರತಿ ಓಟಕ್ಕೊಂದು ಫೈಲು, ಎರಡೂ ಬಾಗಿಲ ಮಾತು ಅದರಲ್ಲಿ. ಎಕ್ಸಿಟ್ ಸ್ಟೇಟಸ್ ಸೊನ್ನೆ ಇರಬೇಕು, ಉತ್ತರದ ಫೈಲು ಹೊಸದಾಗಿ ಹುಟ್ಟಿರಬೇಕು, ಲಾಗಿನ ಕೊನೆಯ ಸಾಲಿನಲ್ಲಿ ಮುಗಿಯಿತು ಎಂಬ ಮಾತಿರಬೇಕು. ಮೂರೂ ಕೂಡಿಬಂದರೆ ಮಾತ್ರ ಆ ಅಂಕಿ ಪಟ್ಟಿಗೆ ಬರುತ್ತದೆ. ಇಲ್ಲದಿದ್ದರೆ ಆ ಸಾಲು ಖಾಲಿ. ಖಾಲಿ ಸಾಲುಗಳಿರುವ ಪಟ್ಟಿ ನೋಡಲು ಚೆನ್ನಾಗಿರುವುದಿಲ್ಲ. ನನಗೀಗ ಅದೇ ಅಭ್ಯಾಸವಾಗಿದೆ.

ಅಪ್ಪ ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾನೆ. ಮೊದಲ ವಾರ ತೆಗೆದು ಬಿಸಾಡಲು ಹೊರಟಿದ್ದ. ಫ್ಯಾನ್ ಇಷ್ಟು ಗಲಾಟೆ ಮಾಡುತ್ತಾ, ಪ್ಲಾಸ್ಟಿಕ್ ಕವರ್ ಇಷ್ಟು ಚರಪರ ಅನ್ನುತ್ತಾ ಎಂದು ಗೊಣಗಿದ. ಓನರ್ ಹತ್ತಿರ ಮಾತಾಡಿ ಪ್ರೆಸ್ ಬಿಟ್ಟು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದಾನೆ. ಓಟಿ ಇಲ್ಲ, ಸಂಬಳ ಸ್ವಲ್ಪ ಕಡಿಮೆ. ಉಳಿದ ಐದು ಪ್ರೆಸ್ಸಿನವರಿಗೆ ಕಿವಿಗೆ ಹಾಕುವ ಮಫ್ ಬಂದಿವೆ. ಸೆಕೆ ಅಂತ ಇಬ್ಬರು ಹಾಕಿಕೊಳ್ಳುವುದಿಲ್ಲವಂತೆ.

ಈಗಲೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಊಟ ಆಯ್ತಾ ಎಂದು ಕೇಳುವುದಿಲ್ಲ.

“ಏನು ಅಡುಗೆ ಅಪ್ಪ ಇವತ್ತು?” ಎಂದೆ ನಿನ್ನೆ.

“ಹುರುಳಿಕಾಳು ಬಸ್ಸಾರು. ನಿಮ್ಮಮ್ಮ ಉಪ್ಪು ಜಾಸ್ತಿ ಹಾಕವ್ಳೆ. ಹೇಳಿದ್ರೆ ನಾಲಿಗೆಗೂ ಮೆಷಿನ್ ಹಾಕ್ಸಿ ಅಂತಾಳೆ...” ಎಂದು ಶುರು ಮಾಡಿದವನು ಸ್ಟೋರ್ಸಿನ ಇಲಿ, ಹೊಸ ಹುಡುಗನೊಬ್ಬ ತಪ್ಪು ಬೋಲ್ಟ್ ಕೊಟ್ಟದ್ದು, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ ಎಲ್ಲ ದಾಟಿ ಅಮ್ಮನ ರಿಪೋರ್ಟಿಗೆ ಬಂದ. ಶುಗರ್ ಸ್ವಲ್ಪ ಏರಿದೆಯಂತೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರಂತೆ. ಮುಂದಿನ ಶನಿವಾರ ಬರುವಾಗ ತರಬೇಕಾದದ್ದರ ಪಟ್ಟಿ ಹೇಳಿದ, ಬರೆದುಕೊಂಡೆ.

ನಲವತ್ತು ನಿಮಿಷವಾಗಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಹದಿನೇಳನೇ ಓಟ ಸೋತು, ಸೋತೆ ಎಂದು ಹೇಳಿ, ಪಟ್ಟಿಯಲ್ಲಿ ಒಂದು ಖಾಲಿ ಸಾಲು ಬಿಟ್ಟು ಮುಂದಕ್ಕೆ ಹೋಗಿತ್ತು.